ಬುಗುರಿಯ ಮೊದಲ ವಾಕ್ಯ

ಮೇ ೩, ಭಾನುವಾರ

ಪ್ರೀತಿಯ ಪಿಟೀಲು,

ಬೈಯಬೇಡ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದು ಸೊಕ್ಕಿನಿಂದಲ್ಲ, ಸುಸ್ತಿನಿಂದ. ಫೋನಾದರೂ ಮಾಡಬಾರದಿತ್ತಾ ಅಂತ ಕೇಳ್ತೀಯ, ಗೊತ್ತು. ಬೆಳಗಿನಿಂದ ಪರದೆ ಮುಂದೆ ಕೂತು ಕೆನ್ನೆ ಉಬ್ಬಿಸಿ, ಬಾಯಿ ಅಗಲಿಸಿ, ‘ಪ’ ‘ಬ’ ‘ಮ’ ಅಂತ ಕೂಗಿ ಕೂಗಿ, ಸಂಜೆ ಹೊತ್ತಿಗೆ ಫೋನನ್ನ ದಿಂಬಿನ ಕೆಳಗೆ ತುರುಕಿಬಿಡ್ತೀನಿ ಕಣೇ. ಹಾಸ್ಟೆಲಿನಲ್ಲಿ ನನ್ನ ಗಂಟಲಿಗೆ ಬೆಚ್ಚಿ ನಗಾರಿ ಅಂತ ಹೆಸರಿಟ್ಟವಳು ನೀನೇ. ಈಗ ಬಂದು ಕೇಳು, ಹರಿದ ನಗಾರಿ. ಅದಕ್ಕೇ ಕಾಗದ. ಪೆನ್ನಿಗೆ ಗಂಟಲು ಬೇಕಿಲ್ಲ.

ನೀನು, ನಿನ್ನ ಗಂಡ, ಮಗಳು ಹುಷಾರಾಗಿದ್ದೀರಿ ಅಂದುಕೊಂಡಿದ್ದೀನಿ. ಇಲ್ಲಿ ನಾನೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇದ್ದೀವಿ. ಅಮ್ಮನಿಗೆ ಹೊರಗೆ ಹೋಗಬೇಡ ಅಂದಿದ್ದೇ ತಪ್ಪಾಯ್ತು, ಮನೆಯೊಳಗೇ ವಾಕಿಂಗ್ ಶುರು ಮಾಡಿದ್ದಾಳೆ. ನಡುಮನೆಯಿಂದ ಅಡುಗೆಮನೆ, ಅಡುಗೆಮನೆಯಿಂದ ನಡುಮನೆ. ನೆಲ ಸವೆದರೆ ಬಾಡಿಗೆ ಹೆಚ್ಚಿಸ್ತಾರೆ ಅಂದರೆ ಕೇಳೋದಿಲ್ಲ.

ಈ ಲಾಕ್‌ಡೌನಿಗೆ ನಮ್ಮ ಮಾತಿನ ಚಿಕಿತ್ಸೆಯ ಕೇಂದ್ರ ಮುಚ್ಚಿ ಬಹಳ ದಿನವಾಯ್ತು. ಮಾತು ತಡವಾದ ಮಕ್ಕಳು ಯಾರೂ ಅಲ್ಲಿಗೆ ಬರೋದು ಬೇಡ, ಚಿಕಿತ್ಸೆಯೆಲ್ಲ ಫೋನಿನಲ್ಲೇ ವಿಡಿಯೋ ಹಾಕಿ ನಡೀಲಿ ಅಂತ ಆದೇಶ. ನಮ್ಮ ನಿರ್ದೇಶಕರು ಇದಕ್ಕೆ ‘ಹೊಂದಾಣಿಕೆ’ ಅಂತಾರೆ. ಅಡುಗೆಗೆ ಉಪ್ಪು ಹಾಕೋ ಹಾಗೆ ಆ ಪದವನ್ನ ಎಲ್ಲದಕ್ಕೂ ಹಾಕ್ತಾರೆ. ಮುಚ್ಚೋಕೆ ಮುಂಚೆ ಕಿಟಕಿ ಇರೋ ಮಾಸ್ಕ್ ಕೊಟ್ಟಿದ್ದರು. ಬಟ್ಟೆಯ ನಡುವೆ ಪ್ಲಾಸ್ಟಿಕ್ ತುಂಡು, ಮಕ್ಕಳಿಗೆ ತುಟಿ ಕಾಣಲಿ ಅಂತ. ನಾಲ್ಕು ಮಾತಾಡೋಷ್ಟರಲ್ಲಿ ಅದಕ್ಕೆ ಹಬೆ ಕಟ್ಟಿ, ನಾನು ತೊಳೆಯದ ಗಾಜಿನ ತೊಟ್ಟಿಯಲ್ಲಿರೋ ಮೀನಿನ ಹಾಗೆ ಕಾಣ್ತಿದ್ದೆ. ಒಂದು ಮಗು ನನ್ನನ್ನ ನೋಡಿ ಕಿಟಾರನೆ ಕಿರುಚಿಕೊಂಡು ಮೇಜಿನ ಕೆಳಗೆ ತೂರಿಕೊಂಡಿತು.

ಈಗ ನನ್ನ ಚಿಕಿತ್ಸಾ ಕೊಠಡಿ ಅಂದರೆ ನಮ್ಮ ಊಟದ ಮೇಜು. ಹಿಟ್ಟಿನ ಡಬ್ಬಿ, ಅದರ ಮೇಲೆ ಸಕ್ಕರೆ ಡಬ್ಬಿ, ಅದರ ಮೇಲೆ ಲ್ಯಾಪ್‌ಟಾಪ್. ಹಿಂದುಗಡೆ ಹಗ್ಗ ಕಟ್ಟಿ ನೀಲಿ ಹೊದಿಕೆ ಇಳಿಬಿಟ್ಟಿದ್ದೀನಿ. ಅಮ್ಮ ಅದರ ಹಿಂದೆ ಬಗ್ಗಿಕೊಂಡು ಅಡುಗೆಮನೆಗೆ ಹೋಗೋದು ನೋಡಿದರೆ ಕಳ್ಳಮಾಲು ಸಾಗಿಸೋ ಹಾಗೆ. ಫೋನಿನಲ್ಲಿ ‘ಸ’ ಯಾವುದು ‘ಶ’ ಯಾವುದು ಗೊತ್ತಾಗಲ್ಲ. ನಾಲಿಗೆ ಮೇಲೆತ್ತಿ ‘ಲ’ ತೋರಿಸೋ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಹೋಗುತ್ತೆ. ಆ ಕಡೆ ಪಾಪ, ಮಗು ನನ್ನ ನಾಲಿಗೆಯನ್ನೇ ನೋಡ್ತಾ ಕೂತಿರುತ್ತೆ. ಆಟದ ಸಾಮಾನು ಚೀಲದಲ್ಲಿ ಹಾಕಿ ಒಂದೊಂದು ಮನೆ ಗೇಟಿಗೆ ನೇತುಹಾಕಿ ಬಂದೆ. ಕದಿಯೋಕೆ ಬಂದವಳ ಹಾಗೆ, ಬೆಲ್ ಒತ್ತಿ ಓಡೋದು!

ಇವರಲ್ಲಿ ಒಬ್ಬಳ ವಿಷಯ ನಿನಗೆ ಹೇಳಬೇಕು. ಬುಗುರಿ ಅಂತ ಕರೀತೀನಿ, ಯಾಕಂದರೆ ನಿಂತಲ್ಲಿ ನಿಲ್ಲೋಳಲ್ಲ. ಐದು ತುಂಬುತ್ತಾ ಬಂತು. ಕಿವಿ ಚೆನ್ನಾಗಿದೆ, ಬುದ್ಧಿ ಚುರುಕು, ಮಾತು ಮಾತ್ರ ಹೊರಗೆ ಬರೋಕೆ ಹಟ ಮಾಡ್ತಿದೆ. ಬರೋದೂ ಒಂಟಿ ಪದ. ‘ಬಾ’, ‘ಕೊಡು’, ನೀರಿಗೆ ‘ನೀಲು’. ಎರಡು ಪದ ಜೋಡಿಸಿ ಇದುವರೆಗೂ ಒಂದು ಸಲವೂ ಅಂದಿಲ್ಲ. ನೀನು ಈ ಕೆಲಸ ಬಿಟ್ಟು ಶಾಲೆ ಸೇರಿದರೂ ಮರೆತಿರಲಾರೆ, ಆ ಎರಡನೇ ಪದಕ್ಕೆ ನಾವು ಹೇಗೆ ಕಾಯ್ತೀವಿ ಅನ್ನೋದನ್ನ. ಅದು ಬಂದರೆ ಮುಂದಿನದೆಲ್ಲ ತಾನಾಗಿ ಬರುತ್ತೆ.

ಬುಗುರಿಯ ಅಪ್ಪ ಅಂಗಡಿಗಳಿಗೆ ದಿನಸಿ ಸಾಗಿಸೋ ವ್ಯಾನ್ ಓಡಿಸ್ತಾರೆ. ಅಮ್ಮ ಮನೆಯಲ್ಲೇ ಬಟ್ಟೆ ಹೊಲೀತಾಳೆ. ಮಹಡಿ ಮೇಲೆ ಬಾಡಿಗೆಗಿದ್ದಾರೆ, ಓನರ್ ಕೆಳಗೆ. ಇವರಿಬ್ಬರಿಗೂ ಪುರುಸೊತ್ತಿಲ್ಲ ಅಂತ ಪಾಠಕ್ಕೆ ಜೊತೆಗೆ ಕೂರೋರು ಅಜ್ಜಿ, ಅಪ್ಪನ ತಾಯಿ. ಎಂಥಾ ಹೆಂಗಸು ಅಂತೀಯ! ಬಾಯಲ್ಲಿ ಒಂದೂ ಹಲ್ಲಿಲ್ಲ. ಮೊದಲ ದಿನವೇ, “ಟೀಚರಮ್ಮ, ನನಗೆ ಹಲ್ಲಿಲ್ಲ, ಇವಳಿಗೆ ಮಾತಿಲ್ಲ. ಇಬ್ರಿಗೂ ಸೇರ್ಸಿ ಒಂದೇ ಫೀಸು ತಗೊಳ್ಳಿ” ಅಂದರು. ನಾನು ಊದು ಅಂದರೆ ಮೊಮ್ಮಗಳಿಗಿಂತ ಮೊದಲು ತಾವೇ ಊದೋರು. ಅವರ ಮಾತು ನನಗೆ ಅರ್ಧ ಅರ್ಥವಾಗಲ್ಲ, ಬುಗುರಿಗೆ ಪೂರ್ತಿ ಅರ್ಥವಾಗುತ್ತೆ.

ಕಳೆದ ವಾರದಿಂದ ಅಜ್ಜಿ ಕಾಣಿಸ್ತಿಲ್ಲ. ತಾಯಿಯೇ ಬಂದು ಕೂರ್ತಾಳೆ. ಕೇಳಿದ್ದಕ್ಕೆ, “ಅತ್ತೆಗೆ ಸೊಂಟ ಹಿಡ್ಕೊಂಡಿದೆ ಮೇಡಂ” ಅಂದಳು. ಆಮೇಲೆ ದನಿ ತಗ್ಗಿಸಿ, “ಈ ‘ಖ’ ‘ಖ’ ಅನ್ನಿಸೋದು ಸದ್ಯಕ್ಕೆ ಬಿಡೋಣ್ವಾ? ಕೆಳಗೆ ಕೆಮ್ಮಿದ ಹಾಗೆ ಕೇಳ್ಸುತ್ತಂತೆ. ಯಾರಾದ್ರೂ ಕೆಮ್ಮಿದ್ರೆ ಗಂಟುಮೂಟೆ ಕಟ್ಟಿ ಅಂತ ಓನರ್ ಬಂದು ಹೇಳಿ ಹೋಗಿದ್ದಾರೆ” ಅಂದಳು. ನನಗೆ ನಗು ಬಂತು. ಅವಳು ನಗಲಿಲ್ಲ.

ನಮ್ಮ ಎದುರು ಕಟ್ಟಡಕ್ಕೆ ನಿನ್ನೆ ಕೆಂಪು ಪಟ್ಟಿ ಸುತ್ತಿದರು. ಮೂರನೇ ಮಹಡಿ ಬಾಲ್ಕನಿಯಲ್ಲಿ ಒಣಗಿಸಿದ ಬಟ್ಟೆಗಳನ್ನ ಒಳಗೆ ತಗೊಳ್ಳೋರು ಯಾರೂ ಇಲ್ಲ. ಗಾಳಿ ಬಂದಾಗ ಅಂಗಿಯ ತೋಳು ಎದ್ದು ಎದ್ದು ಬೀಳ್ತಿದೆ. ಅಮ್ಮ ನಮ್ಮ ಆ ಕಡೆಯ ಕಿಟಕಿ ಮುಚ್ಚಿಬಿಟ್ಟಿದ್ದಾಳೆ.

ಹುಷಾರಾಗಿರು. ಬೇಗ ಬರಿ.

ನಿನ್ನ
ನಗಾರಿ


ಮೇ ೨೨, ಶುಕ್ರವಾರ

ಪ್ರೀತಿಯ ಪಿಟೀಲು,

ನಿನ್ನ ಕಾಗದ ಬಂತು. ಔಷಧಿ ಸಿಂಪಡಿಸಿ ಕೊಟ್ಟಿದ್ದಾರೆ, ಅಕ್ಷರ ಅಲ್ಲಲ್ಲಿ ಕಲಸಿದೆ. ನಿನ್ನ ಮಗಳು ಆನ್‌ಲೈನ್ ಕ್ಲಾಸಿನಲ್ಲಿ ತನ್ನ ಫೋಟೋ ನಿಲ್ಲಿಸಿ ಮಂಚದ ಕೆಳಗೆ ಮಲಗಿದ್ದಳು ಅನ್ನೋದನ್ನ ಅಮ್ಮನಿಗೆ ಓದಿ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕಳು. ಈ ಮನೆಯಲ್ಲಿ ಆಮೇಲೆ ಯಾರೂ ನಕ್ಕಿಲ್ಲ. ಯಾಕೆ ಅಂತ ಬರೀತೀನಿ, ಸಮಾಧಾನವಾಗಿ ಓದು.

ಸೋಮವಾರ ಬುಗುರಿಯ ಪಾಠ. ಗೊಂಬೆ ಮಲಗಿಸೋದು, ಎಬ್ಬಿಸೋದು, ಅದೇ ಆಟ. ನಾನು ಈ ಕಡೆ ಒಂದು ಗೊಂಬೆ ಮಲಗಿಸಿ ಕರವಸ್ತ್ರ ಹೊದಿಸಿದೆ, ಅವಳು ಆ ಕಡೆ ಒಂದು ಮಲಗಿಸಿದಳು. ‘ಏಳು’ ಅನ್ನಬೇಕು, ಅಂದರೆ ಗೊಂಬೆ ಏಳಬೇಕು. ತಾಯಿ ಪಕ್ಕದಲ್ಲಿರಲಿಲ್ಲ, ಹೊಲಿಗೆ ಯಂತ್ರದ ಸದ್ದು ಕೇಳ್ತಿತ್ತು. ನಾನು, “ಗೊಂಬೆ, ಏಳು!” ಅಂದೆ. ಬುಗುರಿ ಗೊಂಬೆ ನೋಡಿದಳು. ತಿರುಗಿ ಹಿಂದೆ ನೋಡಿದಳು. ಅಲ್ಲೊಂದು ಮುಚ್ಚಿದ ಬಾಗಿಲು. ಮತ್ತೆ ನನ್ನ ಕಡೆ ತಿರುಗಿ ಸ್ಪಷ್ಟವಾಗಿ ಅಂದಳು:

“ಅಜ್ಜಿ ಏಲಲ್ಲ.”

ಪಿಟೀಲು, ಎರಡು ಪದ! ‘ಳ’ ಬಂದಿಲ್ಲ ಅಷ್ಟೇ, ಮಿಕ್ಕಿದ್ದೆಲ್ಲ ಮುತ್ತಿನ ಹಾಗೆ. ಬರೀ ಜೋಡಿಸಿದ್ದಲ್ಲ, ‘ಅಲ್ಲ’ ಅನ್ನೋದನ್ನೂ ಸೇರಿಸಿ ಜೋಡಿಸಿದ್ದಾಳೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ಶಭಾಷ್! ಶಭಾಷ್ ಬುಗುರಿ!” ಅಂತ ಚಪ್ಪಾಳೆ ಹೊಡೆದೆ. ಅಮ್ಮನನ್ನ ಅಡುಗೆಮನೆಯಿಂದ ಎಳಕೊಂಡು ಬಂದೆ, ಅವಳ ಕೈಲೂ ಚಪ್ಪಾಳೆ ಹೊಡೆಸಿದೆ. “ಇನ್ನೊಂದ್ ಸಲ ಹೇಳು ಪುಟ್ಟಿ” ಅಂದೆ. “ಅಜ್ಜಿ ಏಲಲ್ಲ.” ಮತ್ತೆ ಚಪ್ಪಾಳೆ. ಅವಳೂ ನಗ್ತಾ ಚಪ್ಪಾಳೆ ಹೊಡೀತಾ, ಕುಣೀತಾ ಅಂದಳು. ಕೇಂದ್ರಕ್ಕೆ ತೋರಿಸೋಣ ಅಂತ ರೆಕಾರ್ಡ್ ಮಾಡಿಕೊಂಡೆ.

ಹೊಲಿಗೆ ಯಂತ್ರ ನಿಂತಿತು. ತಾಯಿಯ ಮುಖ ಪರದೆಯಲ್ಲಿ ಬಂತು. ಅಂಥಾ ಮುಖ ನಾನು ನೋಡಿಲ್ಲ. ಕೈ ಚಾಚಿದಳು, ಪರದೆ ಕಪ್ಪಾಯಿತು.

ನೆಟ್‌ವರ್ಕ್ ಹೋಯ್ತು ಅಂದುಕೊಂಡೆ ನಾನು, ನೋಡು. ಊಟಕ್ಕೆ ಕೂತಾಗಲೂ ಅದನ್ನೇ ಹೇಳ್ತಿದ್ದೆ, ಸ್ವರ ಹೇಗಿತ್ತು, ಎಲ್ಲಿ ಒತ್ತು ಕೊಟ್ಟಳು ಅಂತೆಲ್ಲ. ಅಮ್ಮ ತಟ್ಟೆಯಿಂದ ಕೈ ತೆಗೆದು ನನ್ನನ್ನೇ ನೋಡ್ತಿದ್ದಳು. “ಅಲ್ವೇ, ಆ ಮಗು ಹೇಗೆ ಹೇಳ್ತು ಅಂತ ಆಗ್ಲಿಂದ ಹೇಳ್ತಿದ್ದೀಯಲ್ಲ, ಏನು ಹೇಳ್ತು ಅಂತ ಕೇಳಿಸ್ಕೊಂಡ್ಯಾ?” ಅಂದಳು.

ಕಲಸಿದ ತುತ್ತನ್ನ ತಟ್ಟೆಗೇ ಬಿಟ್ಟು ಎದ್ದೆ ಕಣೇ.

ತಕ್ಷಣ ಬುಗುರಿಯ ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಅವಳೇ ಮಾಡಿದಳು. “ಚಾರ್ಜ್ ಹೋಗಿತ್ತು ಮೇಡಂ.” ಅಜ್ಜಿ ಹೇಗಿದ್ದಾರೆ ಅಂದೆ. “ಅತ್ತೆ ನಾದಿನಿ ಮನೆಗೆ ಹೋಗಿದ್ದಾರೆ. ಅಲ್ಲೇ ಆರಾಮಾಗಿದ್ದಾರೆ. ಮಗು ಏನೇನೋ ಅನ್ನುತ್ತೆ ಬಿಡಿ.” ಬಸ್ಸಿಲ್ಲ, ರೈಲಿಲ್ಲ, ರಸ್ತೆ ರಸ್ತೆಗೂ ಅಡ್ಡಗಟ್ಟಿದ್ದಾರೆ, ಸೊಂಟ ಹಿಡಿದ ಮುದುಕಿ ಹೇಗೆ ಹೋದರು? ಕೇಳಲಿಲ್ಲ. ಕೇಳಿದ್ದರೆ ಅವಳು ಇನ್ನೊಂದು ಸುಳ್ಳು ಹುಡುಕಬೇಕಾಗ್ತಿತ್ತು. ಅವಳ ದನಿಯಲ್ಲಿ ಅಷ್ಟು ತ್ರಾಣ ಇರಲಿಲ್ಲ.

ಮರುದಿನ ನಿರ್ದೇಶಕರಿಗೆ ಹೇಳಿದೆ. ಅವರು, “ನೋಡಿ, ನಾವು ಮಾತು ಕಲ್ಸೋರು. ಮನೆಯೊಳಗಿನ ವಿಷ್ಯ ನಮಗ್ಯಾಕೆ? ನಾಳೆ ಫೋನ್ ಪಾಠ ಅಂದ್ರೆ ಮನೆ ಮನೆಗೆ ಕಣ್ಣು ಹಾಕೋದು ಅಂತ ಸುದ್ದಿ ಹಬ್ಬಿದ್ರೆ ಒಂದು ಮಗುನೂ ಉಳಿಯಲ್ಲ. ಸ್ವಲ್ಪ ಹೊಂದಾಣಿಕೆ ಮಾಡ್ಕೊಳ್ಳಿ” ಅಂದರು. ಅವರನ್ನ ಬೈಯೋದು ಸುಲಭ. ಆದರೆ ಅವರು ಹೇಳಿದ್ದು ಸುಳ್ಳಲ್ಲ ಅಂತ ನನಗೂ ಗೊತ್ತಿತ್ತು. ಆ ತಾಯಿ ನನ್ನನ್ನ ಒಳಗೆ ಬಿಟ್ಟುಕೊಂಡಿದ್ದು ಮಗಳ ಮಾತಿಗೋಸ್ಕರ, ತನ್ನ ಮನೆಯ ಬಾಗಿಲು ಎಣಿಸಲಿ ಅಂತಲ್ಲ.

ಬುಗುರಿ ಪಾಠಕ್ಕೆ ಬರೋದಿಲ್ಲ ಅಂದುಕೊಂಡಿದ್ದೆ. ನಿನ್ನೆ ಬಂದಳು. ಬರದಿದ್ದರೆ ನನಗೆ ಅನುಮಾನ ಬರುತ್ತೆ ಅಂತ ತಾಯಿಯೇ ಕೂರಿಸಿರಬೇಕು. ಈ ಸಲ ಜಾಗ ಬೇರೆ, ಗೋಡೆಗೆ ಬೆನ್ನು. ತಾಯಿ ಒತ್ತಿಕೊಂಡೇ ಕೂತಿದ್ದಳು. ಆಮೇಲೆ ನಾನು ಮಾಡಿದ್ದನ್ನ ನಿನಗೊಬ್ಬಳಿಗೇ ಹೇಳ್ತಿದ್ದೀನಿ. ಅವತ್ತಿನ ಪಾಠಕ್ಕೆ ‘ಎಲ್ಲಿ’ ಅನ್ನೋ ಪ್ರಶ್ನೆ ಆರಿಸಿಕೊಂಡೆ.

“ಚೆಂಡು ಎಲ್ಲಿ?” ತೋರಿಸಿದಳು. “ಗೊಂಬೆ ಎಲ್ಲಿ?” ತೋರಿಸಿದಳು. “ಅಮ್ಮ ಎಲ್ಲಿ?” ತಾಯಿಯ ಕೆನ್ನೆ ಮುಟ್ಟಿ ನಕ್ಕಳು.  ದನಿ ಬದಲಾಗದ ಹಾಗೆ, ಅದೇ ಆಟದ ದನಿಯಲ್ಲೇ ಕೇಳಿದೆ, “ಅಜ್ಜಿ ಎಲ್ಲಿ?”

ತಾಯಿ ನನ್ನನ್ನ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಮಗುವಿನ ಕೈ ಹಿಡಿಯೋಕೆ ಹೋದಳು, ಆದರೆ ಬುಗುರಿ ಬುಗುರಿಯೇ, ತಪ್ಪಿಸಿಕೊಂಡು ಓಡಿದಳು. ಓಡಿದ್ದು ಕಾಣಲಿಲ್ಲ, ಕೇಳಿಸಿತು. ಪುಟ್ಟ ಕೈ ಬಾಗಿಲು ತಟ್ಟೋ ಸದ್ದು. ಚಿಲಕ ಅಲ್ಲಾಡೋ ಸದ್ದು. “ಅಜ್ಜಿ! ಅಜ್ಜಿ ಇಲ್ಲಿ!” ಅವಳ ಎರಡನೇ ವಾಕ್ಯ. ಆಮೇಲೆ ಸುಮ್ಮನೆ ನಿಂತಳು ಅನ್ನಿಸುತ್ತೆ, ಚಪ್ಪಾಳೆಗೆ ಕಾಯ್ತಾ.

ನಾನು ಚಪ್ಪಾಳೆ ಹೊಡೆಯಲಿಲ್ಲ. ತಾಯಿ ಫೋನಿನ ಹತ್ತಿರ ಮುಖ ತಂದು, “ಮೇಡಂ, ಕೈ ಮುಗಿದು ಕೇಳ್ಕೊಳ್ತೀನಿ” ಅಂದಳು. ಅಷ್ಟೇ. ಏನು ಕೇಳ್ಕೊಳ್ತಾಳೆ ಅಂತ ಹೇಳಲಿಲ್ಲ. ಕಟ್ ಮಾಡಿದಳು.

ಬೆಳಿಗ್ಗೆಯಿಂದ ಆರೋಗ್ಯ ಇಲಾಖೆಯ ನಂಬರ್ ನನ್ನ ಮುಂದಿದೆ. ಫೋನ್ ಮಾಡಿದರೆ ಅವರ ವ್ಯಾನ್ ಬರುತ್ತೆ, ಬೀದಿಗೆಲ್ಲ ಗೊತ್ತಾಗುತ್ತೆ, ಓನರ್ ಮನೆ ಬಿಡಿಸ್ತಾನೆ, ಅಪ್ಪನ ಕೆಲಸ ಹೋಗುತ್ತೆ. ಮಾಡದಿದ್ದರೆ ಆ ಬಾಗಿಲ ಹಿಂದೆ ಏನಿದೆಯೋ ಅದು ಹಾಗೇ ಇರುತ್ತೆ, ಬುಗುರಿ ದಿನಾ ಹೋಗಿ ತಟ್ತಾಳೆ. ನೀನಾಗಿದ್ದರೆ ಏನು ಮಾಡ್ತಿದ್ದೆ? ನಿನ್ನ ಉತ್ತರ ಬರೋ ಹೊತ್ತಿಗೆ ನಾನು ಏನೋ ಒಂದು ಮಾಡಿರ್ತೀನಿ. ಆದರೂ ಬರಿ.

ನಗಾರಿ


ಜೂನ್ ೨೧, ಭಾನುವಾರ

ಪ್ರೀತಿಯ ಪಿಟೀಲು,

ಕ್ಷಮಿಸು. ‘ನೀನು ಫೋನ್ ಮಾಡಿದ್ದರೆ ಸರಿ ಮಾಡಿದೆ, ಮಾಡದಿದ್ದರೆ ಈಗಲೇ ಮಾಡು’ ಅಂತ ನೀನು ಬರೆದಿದ್ದು ಬಂದು ವಾರಗಳಾದವು. ದಿನಾ ಉತ್ತರ ಬರೆಯೋಕೆ ಕೂರ್ತಿದ್ದೆ. ‘ಪ್ರೀತಿಯ ಪಿಟೀಲು’ ಆದ ಮೇಲೆ ಪೆನ್ನು ಮುಂದೆ ಹೋಗ್ತಿರಲಿಲ್ಲ.

ಮಾಡಿದೆ. ನಿನಗೆ ಕಾಗದ ಬರೆದ ಮಧ್ಯಾಹ್ನವೇ. ಆ ಕಡೆಯ ಹುಡುಗಿ, “ಪೇಷೆಂಟ್‌ಗೆ ನೀವು ಏನಾಗ್ಬೇಕು?” ಅಂತ ಕೇಳಿದಳು. ಏನಂತ ಹೇಳಲಿ? “ಮೊಮ್ಮಗಳ ಟೀಚರ್” ಅಂದೆ. “ನೀವು ಪೇಷೆಂಟ್‌ನ ನೋಡಿದ್ದೀರಾ?” “ಇಲ್ಲ.” “ಮತ್ತೆ ಹೇಗೆ ಗೊತ್ತು?” “ಮಗು ಹೇಳಿತು.” ಅವಳು ಬರೆದುಕೊಳ್ಳೋ ಸದ್ದು ಕೇಳಿಸಿತು.

ಇಲಾಖೆಯ ವ್ಯಾನ್ ಮರುದಿನ ಬೆಳಿಗ್ಗೆ ಹೋಯ್ತು. ಏನಾಯ್ತು ಅಂತ ನನಗೆ ಹೇಳಿದವರು ಬುಗುರಿಯ ಅಪ್ಪ. ಅಲ್ಲಿಯವರೆಗೆ ಆ ಮನುಷ್ಯ ನನ್ನ ಜೊತೆ ನಾಲ್ಕು ಮಾತಾಡಿರಲಿಲ್ಲ. ಬೈಯ್ತಾರೆ ಅಂದುಕೊಂಡು ಫೋನ್ ಎತ್ತಿದೆ. ಬೈಯಲಿಲ್ಲ. ಮೆಲ್ಲಗೆ, ಒಂದೊಂದಾಗಿ ಹೇಳಿದರು. ಬೈದಿದ್ದರೆ ತಡೆದುಕೊಳ್ತಿದ್ದೆ.

ನಾನು ಏನೇನೋ ಕಲ್ಪಿಸಿಕೊಂಡಿದ್ದೆ ಕಣೇ, ಚಿಲಕ ಹಾಕಿ ಮುದುಕಿಯನ್ನ ಸಾಯೋಕೆ ಬಿಟ್ಟಿದ್ದಾರೆ ಅಂತ. ಚಿಲಕ ಹಾಕಿದ್ದು ಬುಗುರಿ ಒಳಗೆ ನುಗ್ಗದಿರಲಿ ಅಂತ. ಆ ಸೊಸೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊತ್ತು ಹೊತ್ತಿಗೆ ಒಳಗೆ ಹೋಗಿ, ಚಮಚದಲ್ಲಿ ಗಂಜಿ ಕುಡಿಸಿ, ಮೈ ಒರೆಸಿ, ಮಗ್ಗುಲು ಬದಲಾಯಿಸಿ ಬರ್ತಿದ್ದಳು. ಅಜ್ಜಿಯೇ ಮಗನ ಕೈ ಹಿಡಿದು, “ಆಸ್ಪತ್ರೆಗೆ ಕಳಿಸ್ಬೇಡ, ಅಲ್ಲಿ ನನ್ನ ಮಾತು ಯಾರಿಗೂ ತಿಳಿಯಲ್ಲ” ಅಂದಿದ್ದರಂತೆ. ಇವರು ಮಾತು ಕೊಟ್ಟಿದ್ದರು. ನಾನು ಮುರಿಸಿದೆ.

ಅಜ್ಜಿ ಹೇಳಿದ್ದು ನಿಜವಾಯ್ತು. ಹಲ್ಲಿಲ್ಲದ ಬಾಯಿ, ಅದರ ಮೇಲೆ ಆಮ್ಲಜನಕದ ಮಾಸ್ಕ್, ಮೈತುಂಬ ಪ್ಲಾಸ್ಟಿಕ್ ಹೊದ್ದ ನರ್ಸುಗಳು. ಮನೆಯವರಿಗೆ ಒಳಗೆ ಪ್ರವೇಶವಿಲ್ಲ. ಒಬ್ಬ ನರ್ಸ್ ಪಾಪ, ಫೋನ್ ಮಾಡಿ, “ನಿಮ್ಮಮ್ಮ ಏನೋ ಕೇಳ್ತಾನೇ ಇರ್ತಾರೆ, ನಮಗೆ ಅರ್ಥ ಆಗ್ತಿಲ್ಲ” ಅಂದರಂತೆ. ಅಪ್ಪ ಫೋನಿನಲ್ಲಿ ಕೇಳಿಸಿಕೊಂಡರೆ ಅವರಿಗೂ ತಿಳಿಯಲಿಲ್ಲ. ಆಗ ನನಗೆ ಫೋನ್ ಮಾಡಿದ್ದು. “ಮೇಡಂ, ಮಾತು ಸರಿಯಿಲ್ಲದವರ ಮಾತು ನಿಮಗೆ ತಿಳಿಯುತ್ತಲ್ಲ, ನೀವೊಂದ್ ಸಲ ಕೇಳ್ತೀರಾ?”

ಯಾವ ಮುಖ ಇಟ್ಟುಕೊಂಡು ಇಲ್ಲ ಅನ್ನಲಿ? ನರ್ಸ್ ಫೋನನ್ನ ಅಜ್ಜಿಯ ಬಾಯಿ ಹತ್ತಿರ ಹಿಡಿದರು. ನಾನು ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ಇಷ್ಟು ವರ್ಷ ಕಲಿತಿದ್ದನ್ನೆಲ್ಲ ಕಿವಿಗೆ ತಂದುಕೊಂಡು ಕೇಳಿದೆ. ಗಾಳಿಯ ಸುಯ್ಯೆನ್ನೋ ಸದ್ದು. ಯಂತ್ರದ ಸದ್ದು. ಅದರ ಕೆಳಗೆ ಅಜ್ಜಿಯ ದನಿ, ಒಂದೇ ಮಾತು, ಮತ್ತೆ ಮತ್ತೆ. ಎರಡು ಪದ ಇತ್ತು. ಮೊದಲನೇದು ‘ಮ’ದಿಂದ ಶುರುವಾಗ್ತಿತ್ತೋ ‘ಬ’ದಿಂದಲೋ. “ಅಜ್ಜಿ, ಇನ್ನೊಂದ್ ಸಲ ಹೇಳಿ” ಅಂದೆ. ಅವರು ಹೇಳಿದರು. ನನಗೆ ತಿಳಿಯಲಿಲ್ಲ ಪಿಟೀಲು. ಎಷ್ಟು ಸಲ ಹೇಳಿಸಿದರೂ ತಿಳಿಯಲಿಲ್ಲ. ಕೊನೆಗೆ ಅವರೇ ಸುಮ್ಮನಾದರು. ಆ ಮನೆಯಲ್ಲಿ ಅವರ ಮಾತು ಪೂರ್ತಿ ಅರ್ಥವಾಗ್ತಿದ್ದದ್ದು ಬುಗುರಿ ಒಬ್ಬಳಿಗೇ. ಅವಳಿಗೆ ಕೇಳಿಸೋಣ ಅಂತ ನಮಗೆ ಹೊಳೆಯೋಷ್ಟರಲ್ಲಿ ಅಜ್ಜಿಗೆ ಮಾತಾಡೋ ಶಕ್ತಿ ಹೋಗಿತ್ತು. ಆ ವಾರವೇ ಹೋಗಿಬಿಟ್ಟರು. ಆಸ್ಪತ್ರೆಯವರು ಯಾರಿಗೂ ಮುಖ ತೋರಿಸಲಿಲ್ಲ.

ವೈದ್ಯರು ಅಪ್ಪನಿಗೆ, “ಮೊದಲೇ ಕರ್ಕೊಂಡ್ ಬಂದಿದ್ರೆ ಉಳೀತಿದ್ರೋ ಏನೋ” ಅಂದರಂತೆ. ಸೊಸೆ ಹೇಳೋದು, “ಮನೇಲೇ ಬಿಟ್ಟಿದ್ರೆ ನಮ್ಮ ಮಧ್ಯೆ ಹೋಗ್ತಿದ್ರು.” ಎರಡೂ ನಿಜ ಇರಬಹುದು. ತಾಯಿಗೂ ಮಗುವಿಗೂ ಪರೀಕ್ಷೆಯಲ್ಲಿ ರೋಗ ಇದೆ ಅಂತ ಬಂತು, ಇಬ್ಬರೂ ಹೆಚ್ಚು ತೊಂದರೆಯಿಲ್ಲದೆ ವಾಸಿಯಾದರು. ಅಪ್ಪನ ವ್ಯಾನ್ ಓಡಿಸೋ ಕೆಲಸ ಹೋಯ್ತು. ಓನರ್ ಬೀಗ ಬದಲಾಯಿಸಿದ. ಈಗ ಅವರು ಯಾವುದೋ ಗೋದಾಮಿನ ಹಿಂದಿನ ಕೋಣೆಯಲ್ಲಿದ್ದಾರೆ.

ಬುಗುರಿಯ ವಿಷಯ ಹೇಳದೆ ಎಷ್ಟು ಹೊತ್ತು ಸುತ್ತಲಿ? ವ್ಯಾನ್ ಬಂದ ದಿನ, ಎಲ್ಲ ಕೂಗಾಟದ ಮಧ್ಯೆ, ಅಪ್ಪ ಅವಳ ಕಡೆ ತಿರುಗಿ, “ನಿನ್ನ ಬಾಯಿಂದಾನೇ ಅಜ್ಜಿ ಹೋಗಿದ್ದು” ಅಂದುಬಿಟ್ಟರಂತೆ. ಹೇಳಿದ್ದು ಅವರೇ, ಹೇಳಿ ಫೋನಿನಲ್ಲೇ ಬಿಕ್ಕಿ ಬಿಕ್ಕಿ ಅತ್ತರು. ಅವತ್ತಿನಿಂದ ಅವಳು ಒಂದೂ ಮಾತಾಡಿಲ್ಲ. ‘ನೀಲು’ ಕೂಡ ಇಲ್ಲ. ಲೋಟ ತಂದು ಎದುರಿಗೆ ನಿಲ್ತಾಳೆ.

ನಾನು ಬಹಳ ಕೇಳಿಕೊಂಡ ಮೇಲೆ ಮೊನ್ನೆ ತಾಯಿ ಒಂದು ಸಲ ವಿಡಿಯೋ ಹಾಕಿದಳು. ಗೋದಾಮಿನ ಗೋಡೆ, ರಟ್ಟಿನ ಪೆಟ್ಟಿಗೆಗಳು, ಅವುಗಳ ಮಧ್ಯೆ ಬುಗುರಿ. ಅಲ್ಲಾಡದೆ ಕೂತಿದ್ದಳು, ನಿಂತುಹೋದ ಚಿತ್ರವೇನೋ ಅಂದುಕೊಂಡೆ. “ಪುಟ್ಟಿ” ಅಂದೆ. ನನ್ನ ಮುಖ ಕಂಡ ಕೂಡಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಂದು ಅಂಗೈ ಮೇಲೆ ಇನ್ನೊಂದು ಅಂಗೈ. ತಾಯಿ ಬಿಡಿಸೋಕೆ ಹೋದರೆ ಬೆರಳು ಬೆಳ್ಳಗಾಗೋ ಹಾಗೆ ಒತ್ತಿಕೊಂಡಳು. ನಾನೇ ಕಟ್ ಮಾಡಿದೆ.

ನಿರ್ದೇಶಕರಿಗೆ ಆ ರೆಕಾರ್ಡಿಂಗ್ ಬೇಕಂತೆ. ಬೇರೆ ಕೇಂದ್ರದವರ ಜೊತೆ ಸಭೆ ಇದೆ, ಫೋನ್ ಚಿಕಿತ್ಸೆಯ ಯಶಸ್ಸು ಅಂತ ತೋರಿಸ್ತಾರಂತೆ. “ಮಗುವಿನ ಮುಖ ಮಸುಕು ಮಾಡ್ತೀವಿ ಬಿಡಿ” ಅಂದರು. ಕೊಡಲ್ಲ ಅಂದೆ. ಅಳಿಸೋಣ ಅಂತ ತೆಗೆದರೆ ಅದರಲ್ಲಿ ಅವಳ ನಗು ಇದೆ. ಹಾಗೇ ಇಟ್ಟಿದ್ದೀನಿ.

ಸಾಕು. ನಿನ್ನ ತಲೆಯನ್ನೂ ಕೆಡಿಸಿದೆ. ನಿನ್ನ ಮಗಳಿಗೆ ನನ್ನ ಮುತ್ತು. ಅವಳು ಅಧಿಕಪ್ರಸಂಗಿ ಅಂತ ದೂರು ಬರೆದಿದ್ದೀಯಲ್ಲ, ಹಾಗೇ ಇರಲಿ ಬಿಡು, ಬಾಯಿ ಮುಚ್ಚು ಅಂತ ಯಾವತ್ತೂ ಅನ್ನಬೇಡ. ನಿಮ್ಮ ಮನೆ ತುಂಬ ಗಲಾಟೆಯಿರಲಿ, ಎಲ್ಲರೂ ಚೆನ್ನಾಗಿರಿ.

ನಿನ್ನ
ನಗಾರಿ

ತಾ.ಕ.: ಸಹಿ ಹಾಕಿ ಲಕೋಟೆಗೆ ಸೇರಿಸಿದವಳು ಮತ್ತೆ ತೆಗೆದೆ. ಗುರುವಾರದಿಂದ ಅಮ್ಮನಿಗೆ ಜ್ವರ. ಮೊದಲು ನೆಗಡಿ ಅಂದುಕೊಂಡೆವು. ಈಗ ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ತಾಳೆ. ಬುಗುರಿಯ ಅಜ್ಜಿಯ ವಿಷಯವೆಲ್ಲ ಅವಳಿಗೆ ಗೊತ್ತಲ್ಲ, ಏನೂ ಕೇಳೋದಿಲ್ಲ, ನಾನು ಫೋನ್ ಕೈಗೆ ತಗೊಂಡಾಗಲೆಲ್ಲ ನನ್ನ ಕೈಯನ್ನೇ ನೋಡ್ತಾಳೆ. ಆ ನಂಬರ್ ಒತ್ತೋಕೆ ನನ್ನಿಂದ ಆಗ್ತಿಲ್ಲ ಪಿಟೀಲು. ನಿನ್ನೆ ಇನ್ನೊಂದು ಮಗುವಿಗೆ ಪಾಠ ಮಾಡ್ತಿದ್ದೆ, ಸದ್ದು ಅನುಕರಿಸೋ ಆಟ. ನೀಲಿ ಹೊದಿಕೆಯ ಹಿಂದೆ ಅಮ್ಮ ಕೆಮ್ಮಿದಳು. ಆ ಮಗು ಖುಷಿಯಾಗಿ ಅದೇ ಕೆಮ್ಮನ್ನ ತಿರುಗಿ ಕೆಮ್ಮಿ ತೋರಿಸಿತು. ಅದರ ತಾಯಿ ಮಾತ್ರ ನನ್ನ ಭುಜದ ಹಿಂದೆ ನೋಡ್ತಿದ್ದಳು. “ಅದು ಪಕ್ಕದ ಮನೆಯವರದು” ಅಂದೆ. ಎಷ್ಟು ಸಲೀಸಾಗಿ ಬಂತು ಗೊತ್ತಾ? ಇವತ್ತು ಅಮ್ಮನ ಕೋಣೆಯ ಬಾಗಿಲು ಮುಚ್ಚಿ ಪಾಠ ಮಾಡಿದೆ. ನೀನು ಈ ಕಾಗದ ಓದಿ ಆದ ಮೇಲೆ ಕೈ ಚೆನ್ನಾಗಿ ತೊಳ್ಕೊ. ಮಗಳ ಕೈಗೆ ಸಿಗೋ ಹಾಗೆ ಇಡಬೇಡ.